ಕರೆಂಟ್ ಹೋಗಿ ಬಂದ ಕೂಡಲೇ ಕಂಪ್ಯೂಟರ್ ತಾನಾಗಿ ಆನ್ ಆಗುತ್ತಿದೆ, ತಡೆಯುವುದು ಹೇಗೆ?

ಪ್ರಶ್ನೆ

ಇಂಟೆಲ್ ಚಿಪ್‌ಸೆಟ್ (ಮದರ್‌ಬೋರ್ಡಿನ ಮುಖ್ಯ ನಿಯಂತ್ರಣ ಚಿಪ್) ಇರುವ ಏಳು ವರ್ಷ ಹಳೆಯ ಡೆಸ್ಕ್‌ಟಾಪ್, ವಿಂಡೋಸ್ 10. ಯುಪಿಎಸ್ ಇಲ್ಲ. ಕರೆಂಟ್ ಹೋಗಿ ಬಂದರೆ ಯಾರೂ ಬಟನ್ ಒತ್ತದೆ ಫ್ಯಾನ್ ತಿರುಗಲು ಶುರುವಾಗಿ ವಿಂಡೋಸ್ ಬೂಟ್ ಆಗುತ್ತದೆ. ಎಷ್ಟೋ ಸಲ ಬಂದ ಕರೆಂಟ್ ಅರ್ಧ ನಿಮಿಷ ನಿಂತು ಮತ್ತೆ ಹೋಗುತ್ತದೆ. ಆಗ ಬೂಟ್ ಅರ್ಧಕ್ಕೇ ಕಡಿದು, ಮುಂದಿನ ಸಲ ಡಿಸ್ಕ್ ಚೆಕ್ ಓಡುತ್ತದೆ. ಒಳಗೆ ಹಳೆಯ ಹಾರ್ಡ್ ಡಿಸ್ಕ್ ಇರುವುದರಿಂದ ಭಯ.

ಈವರೆಗೆ ಮಾಡಿದ್ದು ಎರಡು: ವಿಂಡೋಸ್‌ನ ಸ್ಟಾರ್ಟಪ್ ಅಂಡ್ ರಿಕವರಿಯಲ್ಲಿ ಆಟೋಮ್ಯಾಟಿಕಲಿ ರೀಸ್ಟಾರ್ಟ್ ಟಿಕ್ ತೆಗೆದದ್ದು, ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡಿನ ಪ್ರೋಗ್ರಾಂ) ರಿಸ್ಟೋರ್ ಎಸಿ ಪವರ್ ಲಾಸ್, ಅಂದರೆ ಕರೆಂಟ್ ಮರಳಿದಾಗ ಏನು ಮಾಡಬೇಕೆಂಬ ಸೆಟ್ಟಿಂಗ್, ನೋಡಿದ್ದು. ಅದು ಮೊದಲಿನಿಂದಲೂ ಪವರ್ ಆಫ್ ಎಂದೇ ಇದೆ. ಆದರೂ ಆನ್ ಆಗುತ್ತಿದೆ. ಇನ್ನೆಲ್ಲಿ ನೋಡಬೇಕು?

ಉತ್ತರ 1

ಆ ವಿಂಡೋಸ್ ಟಿಕ್‌ಗೂ ಕರೆಂಟಿಗೂ ಸಂಬಂಧವಿಲ್ಲ. ನೀಲಿ ಪರದೆ ಬಂದಾಗ ತಾನಾಗಿ ರೀಸ್ಟಾರ್ಟ್ ಆಗಬೇಕೇ ಬೇಡವೇ ಎಂಬುದಷ್ಟೇ ಅದರ ಕೆಲಸ. ಕರೆಂಟ್ ಬಂದ ಕ್ಷಣದಲ್ಲಿ ವಿಂಡೋಸ್ ಇನ್ನೂ ಎದ್ದೇ ಇರುವುದಿಲ್ಲ, ಆಗ ತೀರ್ಮಾನ ಮಾಡುವುದು ಮದರ್‌ಬೋರ್ಡ್.

ನೀವು ಬಯಾಸ್‌ನಲ್ಲಿ ನೋಡಿದ ಆ ಸೆಟ್ಟಿಂಗ್‌ಗೆ ಒಬ್ಬೊಬ್ಬ ತಯಾರಕರದು ಒಂದೊಂದು ಹೆಸರು. ಏಸಸ್‌ನಲ್ಲಿ ಅಡ್ವಾನ್ಸ್ಡ್, ಎಪಿಎಂ ಕಾನ್ಫಿಗರೇಶನ್ ಒಳಗೆ. ಗಿಗಾಬೈಟ್‌ನಲ್ಲಿ ಎಸಿ ಬ್ಯಾಕ್ ಎಂದಿರುತ್ತದೆ, ಆಯ್ಕೆ ಆಲ್ವೇಸ್ ಆಫ್. ಎಎಸ್‌ರಾಕ್‌ನಲ್ಲಿ ಚಿಪ್‌ಸೆಟ್ ಕಾನ್ಫಿಗರೇಶನ್ ಒಳಗೆ. ಡೆಲ್‌ನಲ್ಲಿ ಎಸಿ ರಿಕವರಿ, ಎಚ್‌ಪಿ ಮತ್ತು ಲೆನೊವೊದಲ್ಲಿ ಆಫ್ಟರ್ ಪವರ್ ಲಾಸ್. ಲಾಸ್ಟ್ ಸ್ಟೇಟ್ ಅಥವಾ ಮೆಮೊರಿ ಎಂಬ ಆಯ್ಕೆ ಮಾತ್ರ ಬೇಡ: ಕರೆಂಟ್ ಹೋದಾಗ ಪಿಸಿ ಓಡುತ್ತಿದ್ದರೆ, ಬಂದಾಗ ಅದು ಮತ್ತೆ ಆನ್ ಆಗುತ್ತದೆ.

ನಿಮ್ಮದು ಈಗಾಗಲೇ ಪವರ್ ಆಫ್ ಇರುವುದರಿಂದ ಮೊದಲು ಸರಿಯಾಗಿ ಪರೀಕ್ಷೆ ಮಾಡಿ. ವಿಂಡೋಸ್ ಓಡುತ್ತಿರುವಾಗ ಪ್ಲಗ್ ಕೀಳಬೇಡಿ. ಆ ಆಯ್ಕೆಯನ್ನು ಇನ್ನೊಮ್ಮೆ ಆರಿಸಿ ಎಫ್10 ಒತ್ತಿ ಸೇವ್ ಮಾಡಿ, ಪಿಸಿ ರೀಸ್ಟಾರ್ಟ್ ಆಗುವಾಗ ಮತ್ತೆ ಬಯಾಸ್ ಒಳಗೆ ಹೋಗಿ ನಿಲ್ಲಿ. ಅಲ್ಲಿ ಡಿಸ್ಕ್ ಮೇಲೆ ಏನೂ ಬರೆಯುತ್ತಿರುವುದಿಲ್ಲ. ಈಗ ಗೋಡೆಯ ಸ್ವಿಚ್ ಆಫ್ ಮಾಡಿ, ಬೋರ್ಡ್ ಮೇಲಿನ ಪುಟ್ಟ ಎಲ್‌ಇಡಿ ಮಂಕಾಗುತ್ತಾ ಪೂರ್ತಿ ಆರುವವರೆಗೆ ಕಾಯಿರಿ. ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಒಳಗಿನ ಕೆಪಾಸಿಟರ್ ಖಾಲಿಯಾಗಲು ಕೆಲವು ಸೆಕೆಂಡಿನಿಂದ ಅರ್ಧ ನಿಮಿಷ ಬೇಕಾದೀತು. ಎಲ್‌ಇಡಿ ಆರುವ ಮೊದಲೇ ಸ್ವಿಚ್ ಹಾಕಿದರೆ ಪರೀಕ್ಷೆಗೆ ಅರ್ಥವಿಲ್ಲ, ಏಕೆಂದರೆ ಬೋರ್ಡಿನ ಲೆಕ್ಕದಲ್ಲಿ ಕರೆಂಟ್ ಪೂರ್ತಿ ಹೋಗಿಯೇ ಇಲ್ಲ.

ಉತ್ತರ 2

ಬಯಾಸ್‌ನಲ್ಲಿ ಪವರ್ ಆಫ್ ಎಂದು ಕಂಡೂ ಪಿಸಿ ಆನ್ ಆಗುತ್ತಿದ್ದರೆ, ಅದೂ ಏಳು ವರ್ಷದ ಬೋರ್ಡ್ ಆದರೆ, ನನ್ನ ಮೊದಲ ಅನುಮಾನ ಸಿಮಾಸ್ ಬ್ಯಾಟರಿಯ ಮೇಲೆ. ಬೋರ್ಡ್ ಮೇಲಿರುವ ಸಿಆರ್2032 ಎಂಬ ನಾಣ್ಯದಂಥ 3 ವೋಲ್ಟ್ ಸೆಲ್.

ಕಾರಣ ಹೀಗಿದೆ. ಈಗಿನ ಬೋರ್ಡ್‌ಗಳಲ್ಲಿ ಬಯಾಸ್ ಸೆಟ್ಟಿಂಗ್‌ಗಳು ಫ್ಲ್ಯಾಶ್ ಚಿಪ್‌ನಲ್ಲಿ ಉಳಿಯುತ್ತವೆ, ಆದ್ದರಿಂದ ಸೆಲ್ ಸತ್ತರೂ ಮೆನುವಿನಲ್ಲಿ ಪವರ್ ಆಫ್ ಎಂದೇ ಕಾಣಬಹುದು. ಆದರೆ ಕರೆಂಟ್ ಬಂದ ಕ್ಷಣ ಚಿಪ್‌ಸೆಟ್ ಮೆನುವನ್ನು ಓದುವುದಿಲ್ಲ. ಅದು ನೋಡುವುದು ತನ್ನೊಳಗಿನ ಒಂದೇ ಒಂದು ಬಿಟ್, ಅಂದರೆ 0 ಅಥವಾ 1 ಎಂಬ ಗುರುತು. ಇಂಟೆಲ್ ಚಿಪ್‌ಸೆಟ್‌ನಲ್ಲಿ ಆ ಬಿಟ್ 1 ಇದ್ದರೆ ಪಿಸಿ ಆಫ್ ಆಗಿಯೇ ಇರುತ್ತದೆ, 0 ಇದ್ದರೆ ಆನ್ ಆಗುತ್ತದೆ. ಕರೆಂಟ್ ಇಲ್ಲದಾಗ ಈ ಬಿಟ್ಟನ್ನು ಹಿಡಿದಿಡುವುದು ಆ ಸೆಲ್. ಸೆಲ್ ಸೋತರೆ ಬಿಟ್ 0ಗೆ ಬಿದ್ದು ಪಿಸಿ ಎದ್ದು ಕೂರುತ್ತದೆ. ಬೂಟ್ ಆದ ಮೇಲೆ ಬಯಾಸ್ ಅದನ್ನು ಮತ್ತೆ 1 ಮಾಡುತ್ತದೆ, ಮುಂದಿನ ಕರೆಂಟ್ ಕಡಿತದಲ್ಲಿ ಅದೇ ಕತೆ.

ಖಚಿತ ಮಾಡಿಕೊಳ್ಳಲು ವಿಂಡೋಸ್‌ನ ಗಡಿಯಾರ ನೋಡಬೇಡಿ, ಅದು ಇಂಟರ್‌ನೆಟ್‌ನಿಂದ ಸಮಯ ತಂದು ತಿದ್ದಿಕೊಂಡುಬಿಡುತ್ತದೆ. ಪ್ಲಗ್ ತೆಗೆದು ಹತ್ತು ನಿಮಿಷ ಬಿಟ್ಟು, ನೇರ ಬಯಾಸ್‌ಗೆ ಹೋಗಿ ಅಲ್ಲಿನ ದಿನಾಂಕ ನೋಡಿ. ಮಲ್ಟಿಮೀಟರ್ ಇದ್ದರೆ ಸೆಲ್ ಹೊರತೆಗೆದು ಅಳೆಯಿರಿ. ಹೊಸದು 3 ವೋಲ್ಟ್‌ಗಿಂತ ತುಸು ಮೇಲೆ ತೋರಿಸುತ್ತದೆ. 2.7 ಅಥವಾ ಅದಕ್ಕೂ ಕಡಿಮೆ ಇದ್ದರೆ ಬದಲಾಯಿಸಿ.

ಉತ್ತರ 3

ಸೆಲ್ ನೋಡಲೇಬೇಕು, ಒಪ್ಪುತ್ತೇನೆ. ಆದರೆ ಇನ್ನೊಂದು ಪ್ರಕರಣವನ್ನು ಬೇರೆ ಮಾಡಿಕೊಳ್ಳದಿದ್ದರೆ ಸೆಲ್ ಬದಲಿಸಿದ ಮೇಲೂ ತೊಂದರೆ ಹಾಗೇ ಇದೆ ಎನಿಸುತ್ತದೆ: ದೀಪ ಒಮ್ಮೆ ಮಿಣುಕುವಷ್ಟು ಚಿಕ್ಕ ಕಡಿತ.

ಕರೆಂಟ್ ನಿಂತ ಮೇಲೆ ಪೂರ್ತಿ ಲೋಡ್‌ನಲ್ಲಿ ಎಸ್‌ಎಂಪಿಎಸ್ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್. 50 ಹರ್ಟ್ಸ್ ಕರೆಂಟಿನ ಒಂದು ಸುತ್ತೇ 20 ಮಿಲಿಸೆಕೆಂಡ್. ಒಂದೆರಡು ಸುತ್ತು ತಪ್ಪಿದರೆ ಕರೆಂಟ್ ಸರಿಯಿದೆ ಎಂದು ಎಸ್‌ಎಂಪಿಎಸ್ ಬೋರ್ಡ್‌ಗೆ ಕೊಡುವ ಪವರ್ ಗುಡ್ ಸಿಗ್ನಲ್ ಬಿದ್ದು ಮತ್ತೆ ಏಳುತ್ತದೆ, ಪಿಸಿ ರೀಸೆಟ್ ಆಗುತ್ತದೆ. ಪಿಸಿ ಆಫ್ ಇದ್ದರೂ ಬೋರ್ಡ್‌ಗೆ ಹರಿಯುವ 5 ವೋಲ್ಟ್ ಸ್ಟ್ಯಾಂಡ್‌ಬೈ ಅಷ್ಟರಲ್ಲಿ ಸತ್ತಿರುವುದಿಲ್ಲ, ಎಲ್‌ಇಡಿಯೂ ಆರಿರುವುದಿಲ್ಲ. ಇಂಥ ರೀಸ್ಟಾರ್ಟ್‌ಗೆ ಆ ಪವರ್ ಆಫ್ ಸೆಟ್ಟಿಂಗ್ ಅಡ್ಡಬರುವುದಿಲ್ಲ. ಇದಕ್ಕೆ ಮದ್ದು ಯುಪಿಎಸ್ ಒಂದೇ.

ಯಾವುದು ನಿಮ್ಮದು ಎಂದು ವಿಂಡೋಸ್‌ನ ದಾಖಲೆ ಪುಸ್ತಕವಾದ ಇವೆಂಟ್ ವ್ಯೂವರ್ ಹೇಳುತ್ತದೆ. ವಿಂಡೋಸ್ ಲಾಗ್ಸ್, ಸಿಸ್ಟಮ್ ತೆರೆದು 6008 ಸಂಖ್ಯೆಯ ದಾಖಲೆ ಹುಡುಕಿ. ಹಿಂದಿನ ಸಲ ಎಷ್ಟು ಹೊತ್ತಿಗೆ ಅನಿರೀಕ್ಷಿತವಾಗಿ ನಿಂತಿತು ಎಂದು ಅದರಲ್ಲಿ ಬರೆದಿರುತ್ತದೆ. 6005 ಎಂಬುದು ಮತ್ತೆ ಶುರುವಾದ ಹೊತ್ತು. ಎರಡರ ಅಂತರ ಒಂದೆರಡು ನಿಮಿಷವಾದರೆ ಮಿಣುಕು, ಅರ್ಧ ಗಂಟೆಯಾದರೆ ನಿಜವಾದ ಕಡಿತ. ಸರಿಯಾಗಿ ಶಟ್‌ಡೌನ್ ಆಗದೆ ರೀಸ್ಟಾರ್ಟ್ ಆಯಿತು ಎನ್ನುವ ಕರ್ನಲ್ ಪವರ್ 41 ದಾಖಲೆ ಎರಡರಲ್ಲೂ ಬರುತ್ತದೆ. ಅದರ ಡೀಟೇಲ್ಸ್‌ನಲ್ಲಿ ಬಗ್‌ಚೆಕ್ ಕೋಡ್ 0 ಅಲ್ಲದೆ ಬೇರೆ ಇದ್ದರೆ ಅದು ನೀಲಿ ಪರದೆ, ಕರೆಂಟಿನ ಮೇಲೆ ದೂರು ಹಾಕುವಂತಿಲ್ಲ.

ಪ್ರಶ್ನೆ ಕೇಳಿದವರು

ಉತ್ತರ 1ರಂತೆ ಪರೀಕ್ಷಿಸಿದೆ: ಎಲ್‌ಇಡಿ ಆರಿದ ಮೇಲೆ ಸ್ವಿಚ್ ಹಾಕಿದರೆ ತಕ್ಷಣ ಆನ್. ಬಯಾಸ್ ದಿನಾಂಕ ಜನವರಿ 1ಕ್ಕೆ ಹೋಗಿದೆ, ಸೆಲ್ 2.1 ವೋಲ್ಟ್. ಲಾಗ್‌ನಲ್ಲಿ ಹೆಚ್ಚಿನವು ದೊಡ್ಡ ಅಂತರದವು, ಎರಡು ಮಾತ್ರ ಒಂದು ನಿಮಿಷದ ಒಳಗಿನವು. ಸೆಲ್ ಬದಲಿಸುವಾಗ ಏನು ಎಚ್ಚರ ಬೇಕು?

ಉತ್ತರ 2, ಮತ್ತೆ

2.1 ಎಂದರೆ ಮುಗಿದ ಹಾಗೆಯೇ. ಸೆಲ್ ತೆಗೆಯುವ ಮೊದಲು ಮೂರು ವಿಷಯ ಬರೆದಿಟ್ಟುಕೊಳ್ಳಿ: ಸಾಟಾ ಮೋಡ್ (ಡಿಸ್ಕ್ ಜೊತೆ ಬೋರ್ಡ್ ಮಾತಾಡುವ ರೀತಿ) ಎಎಚ್‌ಸಿಐ ಇದೆಯೋ ರೇಡ್ ಇದೆಯೋ, ಬೂಟ್ ಯುಇಎಫ್‌ಐ ಇದೆಯೋ ಲೆಗಸಿ ಇದೆಯೋ, ಯಾವ ಡ್ರೈವ್ ಮೊದಲು. ಡಿಫಾಲ್ಟ್‌ಗೆ ಮರಳಿ ಸಾಟಾ ಮೋಡ್ ಬದಲಾದರೆ ವಿಂಡೋಸ್ ಬೂಟ್ ಆಗುವುದಿಲ್ಲ, ಹಾರ್ಡ್ ಡಿಸ್ಕ್ ಸತ್ತಿತು ಎಂದು ಗಾಬರಿಯಾಗಬೇಕಾಗುತ್ತದೆ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಗೂಢಲಿಪಿ ಬೀಗ) ಹಾಕಿದ್ದರೆ 48 ಅಂಕಿಯ ರಿಕವರಿ ಕೀ ಬೇರೆ ಕಡೆ ಇರಲಿ. ಬಯಾಸ್ ಸೆಟ್ಟಿಂಗ್ ಬದಲಾದರೆ ಅದು ಕೇಳಬಹುದು.

ಪ್ಲಗ್ ತೆಗೆದು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನೊಮ್ಮೆ ಮುಟ್ಟಿ. ಸಾಕೆಟ್ ಪಕ್ಕದ ಕ್ಲಿಪ್ಪನ್ನು ಹೊರಕ್ಕೆ ಸರಿಸಿದರೆ ಸೆಲ್ ತಾನೇ ಎದ್ದು ಬರುತ್ತದೆ. ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಸಾಕೆಟ್ಟೇ ಬೋರ್ಡಿನಿಂದ ಕಿತ್ತುಬರುವ ಅಪಾಯವಿದೆ. ಹೊಸ ಸೆಲ್‌ನ ಪ್ಲಸ್ ಗುರುತಿನ ಮುಖ ಮೇಲಕ್ಕೆ. ಸಿಆರ್2025 ಸಿಕ್ಕಿತೆಂದು ಹಾಕಬೇಡಿ, ಅದೂ 3 ವೋಲ್ಟೇ, ಆದರೆ 3.2 ಮಿಲಿಮೀಟರ್ ಬದಲು 2.5 ಮಿಲಿಮೀಟರ್ ದಪ್ಪ, ಸಂಪರ್ಕ ಸಡಿಲವಾಗುತ್ತದೆ.

ಆಮೇಲೆ ದಿನಾಂಕ ಸರಿಮಾಡಿ, ಪವರ್ ಆಫ್ ಮತ್ತೆ ಆರಿಸಿ, ಸೇವ್ ಮಾಡಿ, ಅದೇ ಎಲ್‌ಇಡಿ ಪರೀಕ್ಷೆ ಮಾಡಿ.

ಉತ್ತರ 4

ಹೊಸ ಸೆಲ್ ಹಾಕಿಯೂ ಆನ್ ಆದರೆ ಮಾತ್ರ ಇದು. ಬಯಾಸ್‌ನಲ್ಲಿ ಪಿಸಿಐ‑ಇ ವೇಕ್, ವೇಕ್ ಆನ್ ಲ್ಯಾನ್, ಆರ್‌ಟಿಸಿ ಅಲಾರ್ಮ್, ಪಿಸಿಯನ್ನು ತಾನಾಗಿ ಎಬ್ಬಿಸುವ ಈ ಮೂರನ್ನೂ ಆಫ್ ಮಾಡಿ. ಇಆರ್‌ಪಿ ರೆಡಿ ಎಂಬ, ಪಿಸಿ ಆಫ್ ಇರುವಾಗ ಕರೆಂಟ್ ಉಳಿಸುವ ಆಯ್ಕೆ ಇದ್ದರೆ ಅದೊಂದನ್ನು ಆನ್ ಮಾಡಿದರೂ ಸಾಮಾನ್ಯವಾಗಿ ಇವೆಲ್ಲ ಮಲಗುತ್ತವೆ, ಆದರೆ ಪಿಸಿ ಆಫ್ ಇರುವಾಗ ಯುಎಸ್‌ಬಿಯಲ್ಲಿ ಫೋನ್ ಚಾರ್ಜ್ ಆಗುವುದೂ ನಿಲ್ಲುತ್ತದೆ. ಅದಕ್ಕೂ ಬಗ್ಗದಿದ್ದರೆ ಮುಂಭಾಗದ ಪವರ್ ಬಟನ್‌ನ ಎರಡು ಪಿನ್ನಿನ ವೈರ್ ಬೋರ್ಡಿನಿಂದ ಬಿಚ್ಚಿ ಪರೀಕ್ಷಿಸಿ. ಬಟನ್ ಒಳಗೇ ಸಿಕ್ಕಿಕೊಂಡಿದ್ದರೆ ಕರೆಂಟ್ ಬಂದಾಗ ಯಾರೋ ಒತ್ತಿದ ಹಾಗೆಯೇ ಬೋರ್ಡ್‌ಗೆ ಕಾಣುತ್ತದೆ.

ಆ ಎರಡು ಮಿಣುಕುಗಳಿಗೆ ಯುಪಿಎಸ್ ತರುವುದಾದರೆ ವಿಎ ಸಂಖ್ಯೆಯನ್ನು ನಂಬದೆ ವ್ಯಾಟ್ ನೋಡಿ, 600 ವಿಎ ಎಂದಿರುವುದು 360 ವ್ಯಾಟ್ ಮಾತ್ರ ಕೊಡುವುದು ಸಾಮಾನ್ಯ. ಯುಎಸ್‌ಬಿ ಕೇಬಲ್ ಜೋಡಿಸಿ, ಬ್ಯಾಟರಿ ಮುಗಿಯುವ ಮೊದಲೇ ವಿಂಡೋಸ್ ಶಟ್‌ಡೌನ್ ಆಗುವಂತೆ ಹೊಂದಿಸಿ. ಬರೀ ಯುಪಿಎಸ್ ಇಟ್ಟು ಬಿಟ್ಟರೆ ಬ್ಯಾಟರಿ ಖಾಲಿಯಾದ ಕ್ಷಣ ನಿಮ್ಮ ಹಾರ್ಡ್ ಡಿಸ್ಕ್‌ಗೆ ಈಗಿನ ಹೊಡೆತವೇ ಬೀಳುತ್ತದೆ, ಇಪ್ಪತ್ತು ನಿಮಿಷ ತಡವಾಗಿ ಅಷ್ಟೆ.