ಮಿಂಟ್ 22ಕ್ಕೆ ಅಪ್‌ಗ್ರೇಡ್ ಆದಮೇಲೆ ಲಾಗಿನ್ ಪರದೆಯಲ್ಲೇ ಸುತ್ತು

ಪ್ರಶ್ನೆ: ಲಿನಕ್ಸ್ ಮಿಂಟ್ (ಕಂಪ್ಯೂಟರ್‌ನ ಆಪರೇಟಿಂಗ್ ಸಿಸ್ಟಂ) 21.3ರಿಂದ 22ಕ್ಕೆ ಅಪ್‌ಗ್ರೇಡ್ ಆಗಿದೆ. ಪಾಸ್‌ವರ್ಡ್ ಹಾಕಿದರೆ ಪರದೆ ಕ್ಷಣ ಕಪ್ಪಾಗಿ ಮತ್ತೆ ಲಾಗಿನ್‌ಗೇ ಬರುತ್ತದೆ. ಎಲ್ಲಿಂದ ಹುಡುಕಲಿ?

ಉತ್ತರ: ಪಾಸ್‌ವರ್ಡ್ ತಪ್ಪಿದ್ದರೆ ಹಾಗೆಂದೇ ತೋರಿಸುತ್ತಿತ್ತು, ಇಲ್ಲಿ ಸೆಷನ್ (ಲಾಗಿನ್ ಆದಮೇಲೆ ತೆರೆಯುವ ಡೆಸ್ಕ್‌ಟಾಪ್) ಶುರುವಾಗಿ ಬೀಳುತ್ತಿದೆ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಬರೀ ಅಕ್ಷರಗಳ ಪರದೆ ಬರುತ್ತದೆ, ಅಲ್ಲಿ ಲಾಗಿನ್ ಆಗಿ ಡಿಸ್ಕ್‌ನಲ್ಲಿ ಎಷ್ಟು ಜಾಗವಿದೆ ಎಂದು ತೋರಿಸುವ ‘ಡಿಎಫ್ -ಎಚ್’ (df -h) ಕೊಡಿ. ಡಿಸ್ಕ್ 100% ತುಂಬಿದ್ದರೆ ಸೆಷನ್ ಹೀಗೆ ಬೀಳಬಹುದು, ‘ಸುಡೊ ಆಪ್ಟ್ ಕ್ಲೀನ್’ (sudo apt clean) ಸ್ವಲ್ಪ ಜಾಗ ಬಿಡಿಸುತ್ತದೆ.

ಉತ್ತರ: ಜಾಗವಿದ್ದರೆ ‘ಎಲ್‌ಎಸ್ -ಎಲ್‌ಎ’ (ls -la) ಕೊಟ್ಟು ನಿಮ್ಮ ಹೋಮ್ ಫೋಲ್ಡರ್‌ನಲ್ಲಿರುವ .ಎಕ್ಸ್‌ಅಥಾರಿಟಿ (.Xauthority) ಫೈಲ್ ಯಾರ ಹೆಸರಲ್ಲಿದೆ ನೋಡಿ. ‘ರೂಟ್ ರೂಟ್’ (ರೂಟ್ ಅಂದರೆ ಅಡ್ಮಿನ್ ಖಾತೆ) ಎಂದಿದ್ದರೆ ನಿಮ್ಮ ಸೆಷನ್ ಅದಕ್ಕೆ ಬರೆಯಲಾರದು. ಸುಡೊ (ರೂಟ್ ಅಧಿಕಾರ ಕೊಡುವ ಕಮಾಂಡ್) ಹಾಕಿ ಗ್ರಾಫಿಕಲ್ ಪ್ರೋಗ್ರಾಂ ತೆರೆದಾಗ ಹೀಗಾಗಬಹುದು. ಅಳಿಸಬೇಡಿ, ‘ಎಂವಿ’ (mv) ಕಮಾಂಡ್‌ನಿಂದ ಹೆಸರು ಬದಲಿಸಿ, ಮುಂದಿನ ಲಾಗಿನ್‌ಗೆ ಹೊಸದು ತಾನೇ ಬರುತ್ತದೆ.

ಉತ್ತರ: ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದ್ದರೆ ‘ಎನ್‌ವಿಡಿಯಾ-ಎಸ್‌ಎಂಐ’ (nvidia-smi) ಕೂಡ ಓಡಿಸಿ. ಎರರ್ ಬಂದರೆ ಹೊಸ ಕರ್ನಲ್‌ಗೆ (ಸಿಸ್ಟಂನ ತಿರುಳು) ಕಾರ್ಡ್‌ನ ಡ್ರೈವರ್ ಸರಿಯಾಗಿ ಕೂತಿಲ್ಲದಿರಬಹುದು, ಡ್ರೈವರ್ ಮತ್ತೆ ಇನ್‌ಸ್ಟಾಲ್ ಮಾಡಿ.