ಸಹಾಯ ಬೇಕು: ಡಿಸ್ಕ್ ತುಂಬಿದೆ, ಫೈಲ್ ಮಾತ್ರ ಕಾಣಿಸುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಇದರ ಹಿಂದೆಯೇ ಬಿದ್ದಿದ್ದೇನೆ, ಗೊತ್ತಿದ್ದವರು ದಯವಿಟ್ಟು ಹೇಳಿ.

ಉಬುಂಟು 22.04 ಸರ್ವರ್, 40 ಜಿಬಿ ಡಿಸ್ಕ್. ನಮ್ಮೂರ ಲೈಬ್ರರಿಯ ಪುಸ್ತಕಗಳ ಪಟ್ಟಿ ಇದರಲ್ಲೇ ಇದೆ, ದಿನವೂ ಮಕ್ಕಳು ಹುಡುಕುತ್ತಾರೆ. ಸೋಮವಾರ ಬೆಳಿಗ್ಗೆ ಸೈಟ್ ನಿಂತುಹೋಗಿತ್ತು. ಡಿಸ್ಕ್ ಎಷ್ಟು ತುಂಬಿದೆ ಅಂತ ತೋರಿಸುವ 'ಡಿಎಫ್' ಕಮಾಂಡ್ ಕೊಟ್ಟರೆ 100% ತುಂಬಿದೆ ಅನ್ನುತ್ತದೆ, ಕಾಣುವ ಫೈಲುಗಳ ಗಾತ್ರ ಕೂಡಿಸುವ 'ಡಿಯು' ಕೊಟ್ಟು ಲೆಕ್ಕ ಹಾಕಿದರೆ ಬರೀ 11 ಜಿಬಿ. ಐನೋಡ್ (ಪ್ರತಿ ಫೈಲಿಗೂ ಡಿಸ್ಕ್ ಇಡುವ ದಾಖಲೆ, ಇದಕ್ಕೂ ಮಿತಿಯಿದೆ) ಖಾಲಿಯಾಗಿರಬಹುದು ಅಂತ ಅದನ್ನೂ ನೋಡಿದೆ, ಬೇಕಾದಷ್ಟಿದೆ.

ಕೊನೆಗೆ, ಅಳಿಸಿದ್ದರೂ ಇನ್ನೂ ತೆರೆದಿರುವ ಫೈಲುಗಳನ್ನು ತೋರಿಸುವ 'ಎಲ್‌ಎಸ್‌ಒಎಫ್ +ಎಲ್1' ಕೊಟ್ಟಾಗ ಸಿಕ್ಕಿತು. 27 ಜಿಬಿಯ ಒಂದೇ ಲಾಗ್ ಫೈಲ್, ಪಕ್ಕದಲ್ಲಿ 'ಡಿಲೀಟೆಡ್' ಅಂತ. ಫೈಲ್ ಅಳಿಸಿದರೂ ಪ್ರೋಗ್ರಾಂ ಅದನ್ನು ತೆರೆದೇ ಇಟ್ಟುಕೊಂಡಿದ್ದರೆ ಜಾಗ ವಾಪಸ್ ಬರುವುದಿಲ್ಲ ಅಲ್ವಾ, ಅದೇ ಆಗಿದೆ. ರೀಸ್ಟಾರ್ಟ್ ಮಾಡಿದೆ, ಜಾಗ ಬಂತು, ಮಾರನೇ ದಿನದಿಂದ ಮತ್ತೆ ಅದೇ ಕಥೆ.

ಹಳೇ ಲಾಗ್‌ಗಳನ್ನು ಸರಿಸುವ ಲಾಗ್‌ರೊಟೇಟ್ ರಾತ್ರಿ ಫೈಲಿನ ಹೆಸರು ಬದಲಿಸಿ, ಲಾಗ್ ಬರೆಯುವ ಪ್ರೋಗ್ರಾಂಗೆ ಸಿಗ್‌ಹಪ್ ಅನ್ನುವ ಸಿಗ್ನಲ್ ಕಳಿಸುತ್ತದೆ, ಆಗ ಅದು ಹೊಸ ಫೈಲ್ ತೆರೆಯಬೇಕು, ಆ ಪ್ರೋಗ್ರಾಂನ ಕೈಪಿಡಿಯಲ್ಲೂ ಹಾಗೇ ಬರೆದಿದೆ. ಆದರೆ ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್‌ನಲ್ಲಿ ಸಿಗ್ನಲ್ ಬಂದಿದ್ದು ಕಾಣುತ್ತದೆ, ಆಮೇಲೆ ಫೈಲ್ ತೆರೆಯುವ 'ಓಪನ್‌ಅಟ್' ಕರೆಯೇ ಇಲ್ಲ. ಹಳೇ ಡಿಸ್ಕ್ರಿಪ್ಟರ್‌ಗೇ, ಅಂದರೆ ಮೊದಲು ತೆರೆದಿದ್ದ ಫೈಲಿಗೇ, ಬರೆಯುತ್ತಾ ಹೋಗುತ್ತದೆ.

ಬಗ್ ವರದಿ ಹಾಕಬೇಕೆಂದಿದ್ದೇನೆ. ಎಸ್‌ಟ್ರೇಸ್‌ಗೆ '-ಎಫ್' ಕೊಟ್ಟಿರಲಿಲ್ಲ, ಪ್ರೋಗ್ರಾಂನ ಬೇರೆ ಥ್ರೆಡ್‌ಗಳನ್ನೂ (ಅದರೊಳಗೆ ಒಟ್ಟಿಗೇ ನಡೆಯುವ ಕೆಲಸಗಳು) ಸೇರಿಸಿ ಮತ್ತೆ ತೆಗೆಯಲಾ? ಆವೃತ್ತಿ, ಕರ್ನಲ್, ಲಾಗ್‌ರೊಟೇಟ್ ಕಾನ್ಫಿಗ್ ಇಟ್ಟುಕೊಂಡಿದ್ದೇನೆ, ಇನ್ನೇನು ಬೇಕಾಗುತ್ತದೆ? ಅಲ್ಲಿಯವರೆಗೆ ಲಾಗ್‌ರೊಟೇಟ್‌ನಲ್ಲಿ, ಹೆಸರು ಬದಲಿಸದೆ ಫೈಲನ್ನು ನಕಲು ಮಾಡಿ ಮೂಲವನ್ನು ಖಾಲಿ ಮಾಡುವ 'ಕಾಪಿಟ್ರಂಕೇಟ್' ಹಾಕಬಹುದಾ? ನಕಲು ಮಾಡಿ ಖಾಲಿ ಮಾಡುವ ಮಧ್ಯೆ ಒಂದಷ್ಟು ಸಾಲು ಕಳೆದುಹೋಗಬಹುದು, ಅದೊಂದೇ ಭಯ.