ಆರು ವರ್ಷದ ಮಗಳು, ಕಡ್ಡಿ ಸೊಂಟದ ಗೊಂಬೆ: ಮಕ್ಕಳ ಮನಶ್ಶಾಸ್ತ್ರಜ್ಞೆಗೆ ಪ್ರಶ್ನೆಗಳು

ಪ್ರಶ್ನೆ (ತಾಯಿ, ಗೋಣಿಕೊಪ್ಪಲು):
ಮೇಡಂ, ನಮಸ್ಕಾರ. ಹುಟ್ಟುಹಬ್ಬಕ್ಕೆ ಬೆಂಗಳೂರಿನಿಂದ ಬಂದ ನನ್ನ ತಂಗಿ, ನನ್ನ ಮಗಳಿಗೆ ಬಾರ್ಬಿ ಗೊಂಬೆ ಕೊಟ್ಟಳು. ಅಂದಿನಿಂದ ಅದು ಪಕ್ಕದಲ್ಲಿಲ್ಲದೆ ಮಗುವಿಗೆ ನಿದ್ದೆಯಿಲ್ಲ. ಹೋದ ವಾರ ಬೆಳಿಗ್ಗೆ ಅಕ್ಕಿ ರೊಟ್ಟಿಯನ್ನು ಅರ್ಧಕ್ಕೆ ಮುರಿದು ತಟ್ಟೆಯ ಅಂಚಿಗೆ ಸರಿಸಿದಳು. ಏಕೆಂದು ಕೇಳಿದರೆ ಎರಡೂ ಕೈಗಳಿಂದ ಸೊಂಟವನ್ನು ಒತ್ತಿ ಹಿಡಿದು, “ಇದು ಇವಳದರ ಹಾಗೆ ಆಗಬೇಕು” ಎಂದಳು. ಅವಳಿಗಿನ್ನೂ ಆರು ವರ್ಷ! ಗೊಂಬೆಯನ್ನು ಎತ್ತಿಡಲೇ? “ಮಕ್ಕಳಾಟ, ಮರೆಯುತ್ತಾಳೆ ಬಿಡು” ಎನ್ನುತ್ತಾರೆ ಅತ್ತೆ.

ಉತ್ತರ:
ಎತ್ತಿಡಬೇಡಿ. ಮಲಗುವಾಗ ಜೊತೆಗಿರುವ ಗೊಂಬೆಯನ್ನು ಕಿತ್ತುಕೊಂಡರೆ ಮಗುವಿಗೆ ಅದು ಶಿಕ್ಷೆಯಾಗಿ ಕಾಣುತ್ತದೆ, ಮುಂದೆ ಮನಸ್ಸಿನಲ್ಲಿದ್ದುದನ್ನು ನಿಮಗೆ ಹೇಳುವುದಿಲ್ಲ. ಆದರೆ ಮಕ್ಕಳಾಟವೆಂದು ಬಿಟ್ಟುಬಿಡುವುದನ್ನೂ ನಾನು ಒಪ್ಪುವುದಿಲ್ಲ. 2006ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ 5ರಿಂದ 8 ವರ್ಷದ 162 ಹುಡುಗಿಯರಿಗೆ ಚಿತ್ರಪುಸ್ತಕಗಳನ್ನು ತೋರಿಸಿದರು. ಕೆಲವರ ಪುಸ್ತಕದಲ್ಲಿ ಬಾರ್ಬಿ, ಕೆಲವರದರಲ್ಲಿ ಮೈಕೈ ತುಂಬಿದ ಇನ್ನೊಂದು ಗೊಂಬೆ, ಉಳಿದವರದರಲ್ಲಿ ಗೊಂಬೆಯೇ ಇಲ್ಲ. ಬಾರ್ಬಿಯನ್ನು ನೋಡಿದ ಚಿಕ್ಕ ಹುಡುಗಿಯರಿಗೆ ತಮ್ಮ ಮೈ ಬಗ್ಗೆ ಅಸಮಾಧಾನ ಹೆಚ್ಚಿತ್ತು, ತೆಳ್ಳಗಾಗುವ ಆಸೆಯೂ ಹೆಚ್ಚಿತ್ತು. ಅವರಲ್ಲಿ ದೊಡ್ಡವರಾದ ಹುಡುಗಿಯರಲ್ಲಿ ಆ ಪರಿಣಾಮ ಕಾಣಲಿಲ್ಲ. ನಿಮ್ಮ ಮಗಳದು ಎಳೆಯ ವಯಸ್ಸು, ಅದಕ್ಕೇ ಈಗ ಮಾತನಾಡಬೇಕು. ಆ ಉತ್ತರಗಳು ಪುಸ್ತಕ ನೋಡಿದ ಕೂಡಲೇ ಬಂದವು, ವರ್ಷಗಳ ನಂತರದವಲ್ಲ. ಆದ್ದರಿಂದ ಹೆದರಬೇಡಿ.

ಅವಳ ಪಕ್ಕದಲ್ಲಿ ಕುಳಿತು ಗೊಂಬೆಯನ್ನು ಕೈಗೆ ತೆಗೆದುಕೊಳ್ಳಿ. “ಇವಳ ಹೊಟ್ಟೆಯಲ್ಲಿ ರೊಟ್ಟಿ ಹಿಡಿಸಲು ಜಾಗವೆಲ್ಲಿದೆ? ಇವಳು ಪ್ಲಾಸ್ಟಿಕ್. ನೀನು ಓಡಬೇಕು, ಬೆಳೆಯಬೇಕು” ಎನ್ನಿ. ಹಳೆಯ ಬಾರ್ಬಿಯ ಅಳತೆಯನ್ನು ಮನುಷ್ಯರ ಎತ್ತರಕ್ಕೆ ಹಿಗ್ಗಿಸಿ 1996ರಲ್ಲಿ ಲೆಕ್ಕ ಹಾಕಿದವರಿಗೆ, ಅಂಥ ಮೈಕಟ್ಟು 1 ಲಕ್ಷ ಹೆಂಗಸರಲ್ಲಿ ಒಬ್ಬರಿಗೂ ಇರುವುದು ಕಷ್ಟವೆಂದು ಕಂಡುಬಂತು. ತಯಾರಕರಾದ ಮ್ಯಾಟೆಲ್ ಕಂಪನಿಯವರೇ 2016ರಲ್ಲಿ ತುಂಬಿದ ಮೈಯವಳು, ಎತ್ತರದವಳು, ಗಿಡ್ಡನೆಯವಳು ಎಂದು ಮೂರು ಹೊಸ ಮೈಕಟ್ಟುಗಳನ್ನು ತಂದರು. ಇನ್ನೊಂದು ಗೊಂಬೆ ಕೊಳ್ಳುವುದಾದರೆ ಅವುಗಳಲ್ಲಿ ಒಂದನ್ನು ಕೊಳ್ಳಿ.

ಇನ್ನೊಂದು ಮಾತನ್ನು ಬೇಸರಿಸದೆ ಕೇಳಿ. “ಹೊಟ್ಟೆ ಬಂದಿದೆ”, “ದಪ್ಪಗಾಗಿದ್ದೀಯಲ್ಲ” ಎಂಬ ಮಾತು ನಿಮ್ಮ ಮನೆಯಲ್ಲಿ ಎಷ್ಟು ಸಲ ಬರುತ್ತದೆ? ಮದುವೆಮನೆಯಲ್ಲಿ ಹೆಣ್ಣುಮಕ್ಕಳನ್ನು ಕಂಡ ಕೂಡಲೇ ನಮ್ಮವರು ಆಡುವ ಮೊದಲ ಮಾತೇ ಅದು. ಗೊಂಬೆಗೆ ಬಾಯಿಲ್ಲ. ಮಗುವಿನ ಕಿವಿಗೆ ಬೀಳುವುದು ನಮ್ಮ ಮಾತು. ಕನ್ನಡಿಯ ಮುಂದೆ ನಿಂತು ನಿಮ್ಮ ಸೊಂಟವನ್ನು ನೀವೇ ಹಳಿಯುವುದನ್ನೂ ಅವಳು ನೋಡುತ್ತಿರುತ್ತಾಳೆ. ಎರಡು ವಾರ ಕಳೆದರೂ ಊಟ ಬಿಡುತ್ತಿದ್ದರೆ, ಇಲ್ಲವೇ ತೂಕ ಇಳಿದರೆ, ಮಕ್ಕಳ ವೈದ್ಯರಿಗೆ ತೋರಿಸಿ.

ಪ್ರಶ್ನೆ (ನಿವೃತ್ತ ಶಿಕ್ಷಕಿ, ಸೋಮವಾರಪೇಟೆ):
ಡಾಕ್ಟರೇ, ಇದು ನಮ್ಮ ಸಂಸ್ಕೃತಿಯೇ ಅಲ್ಲ. ಚಿಂದಿಯಲ್ಲಿ ಗೊಂಬೆ ಹೊಲಿದುಕೊಂಡು ಆಡಿದವರು ನಾವು. ಶೋಕಿ ಕಲಿಸುವ ಇಂಥವುಗಳನ್ನು ಮನೆಗೆ ತರಲೇಬಾರದಲ್ಲವೇ?

ಉತ್ತರ:
ಅಮ್ಮಾ, ಹೊರಗಿನದೆಂಬುದು ನಿಜ. 1959ರಲ್ಲಿ ನ್ಯೂಯಾರ್ಕಿನ ಆಟಿಕೆ ಮೇಳದಲ್ಲಿ ಮ್ಯಾಟೆಲ್ ಕಂಪನಿಯ ರೂತ್ ಹ್ಯಾಂಡ್ಲರ್ ಅದನ್ನು ಪರಿಚಯಿಸಿದರು, ಅದಕ್ಕೆ ಮಾದರಿಯಾದದ್ದು ಜರ್ಮನಿಯ ಲಿಲ್ಲಿ ಎಂಬ ಗೊಂಬೆ. ಆದರೆ ಸಿಂಗರಿಸುವ ಆಸೆ ಹೊರಗಿನದಲ್ಲ. ಕಾವೇರಿ ಸಂಕ್ರಮಣದ ಕಣಿ ಪೂಜೆಗೆ ಕೊಡವರ ಮನೆಗಳಲ್ಲಿ ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ರೇಷ್ಮೆ ಉಡಿಸಿ, ಪತ್ತಾಕ್ ಎಂಬ ಕೊರಳ ಒಡವೆ ತೊಡಿಸುವಾಗ ಮಕ್ಕಳು ಕಣ್ಣರಳಿಸಿ ನೋಡುತ್ತಾರಲ್ಲ! ನೀವು ಹೊಲಿದ ಆ ಚಿಂದಿ ಗೊಂಬೆಯನ್ನು ಈಗಲೂ ಹೊಲಿದು ಮೊಮ್ಮಕ್ಕಳಿಗೆ ಕೊಡಿ. ಬಾರ್ಬಿಗೂ ಹಳೆಯ ರೇಷ್ಮೆಯ ತುಂಡಿನಲ್ಲಿ ನೆರಿಗೆಯನ್ನು ಬೆನ್ನ ಹಿಂದೆ ಹಾಕಿ ಕೊಡವ ಸೀರೆ ಉಡಿಸುವುದನ್ನು ಕಲಿಸಿ. ಉಡುಪಿನ ಮೇಲೆ ಪ್ರೀತಿ ಇರಲಿ, ಮೈ ಅಳೆಯುವುದು ಬೇಡ.

ಶೋಕಿಗಿಂತ ನನ್ನನ್ನು ಕಾಡುವುದು ಬೇರೆ. 2014ರ ಒಂದು ಅಮೆರಿಕನ್ ಅಧ್ಯಯನದಲ್ಲಿ 4ರಿಂದ 7 ವರ್ಷದ 37 ಹುಡುಗಿಯರು ಐದು ನಿಮಿಷ ಆಡಿದರು, ಕೆಲವರು ಬಾರ್ಬಿಯೊಡನೆ, ಕೆಲವರು ಆಲೂಗೆಡ್ಡೆ ಆಕಾರದ ಗೊಂಬೆಯೊಡನೆ. ಬಾರ್ಬಿಯೊಡನೆ ಆಡಿದವರು, ಹುಡುಗರು ಮಾಡಬಲ್ಲ ಕೆಲಸಗಳಲ್ಲಿ ಹಲವು ತಮ್ಮಿಂದಾಗದೆಂದರು. ಗೊಂಬೆಗೆ ಡಾಕ್ಟರ್ ಕೋಟು ತೊಡಿಸಿದ್ದರೂ ಉತ್ತರ ಬದಲಾಗಲಿಲ್ಲ. ಸಣ್ಣ ಅಧ್ಯಯನ, ಆದರೂ ಓದಿದಾಗ ಮನಸ್ಸಿಗೆ ನೋವಾಯಿತು. ಅಶ್ವಿನಿ ನಾಚಪ್ಪ ಅವರಂಥ ಓಟಗಾರ್ತಿಯನ್ನು ಕೊಟ್ಟ ಜಿಲ್ಲೆ ನಮ್ಮ ಕೊಡಗು. ಹೆಣ್ಣುಮಕ್ಕಳಿಗೆ ಅವರ ಓಟದ ಕಥೆ ಹೇಳಿ, ತೋಟದ ಲೆಕ್ಕಪತ್ರ ನೋಡುವ ಅಜ್ಜಿಯ ಪಕ್ಕದಲ್ಲಿ ಕೂರಿಸಿ.

ಪ್ರಶ್ನೆ (ತಂದೆ, ಕುಶಾಲನಗರ):
ನನ್ನ ಐದು ವರ್ಷದ ಮಗ ಅಕ್ಕನ ಗೊಂಬೆಗಳಿಗೆ ಬಟ್ಟೆ ಹಾಕಿ ಆಡುತ್ತಾನೆ. ನೆಂಟರು ನಗುತ್ತಾರೆ. ತಡೆಯಬೇಕೇ?

ಉತ್ತರ:
ತಡೆಯಬೇಡಿ. ಬೇರೊಬ್ಬರನ್ನು ಮಲಗಿಸುವುದು, ಉಣಿಸುವುದು, ಸಮಾಧಾನ ಮಾಡುವುದು ಹುಡುಗನಿಗೂ ಬೇಕಾದ ಆಟ. ನಗುವ ನೆಂಟರಿಗೆ ಅವನ ಎದುರಿನಲ್ಲೇ “ಚೆನ್ನಾಗಿ ಆಡುತ್ತಿದ್ದಾನೆ” ಎಂದು ನೀವು ಹೇಳಿದರೆ ಸಾಕು. ಮನೆಯಲ್ಲಿ ಮೂರು ವರ್ಷದೊಳಗಿನ ಮಗು ಇದ್ದರೆ ಮಾತ್ರ ಗೊಂಬೆಯ ಪುಟ್ಟ ಚಪ್ಪಲಿಗಳನ್ನು ಡಬ್ಬಿಗೆ ಹಾಕಿ ಮೇಲೆ ಇಡಿ, ಗಂಟಲಿಗೆ ಸಿಕ್ಕಿಕೊಳ್ಳುವ ಗಾತ್ರದವು ಅವು.